ಹೇಳಿಕೆ ಕೊಟ್ಟು ತೀರ್ಮಾನ ಕೇಳುವ ಪ್ರಶ್ನೆಗಳು ಪದೇ ಪದೇ ತಪ್ಪಾಗುತ್ತಿವೆ, ಹೇಗೆ ಅಭ್ಯಾಸ ಮಾಡಲಿ?

ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುತ್ತಿದ್ದೇನೆ, ಬಿಡಿಸುವಾಗ ಎಲ್ಲ ಸರಿ ಅನಿಸುತ್ತದೆ, ಕೀ ಉತ್ತರ ನೋಡಿದರೆ ಅರ್ಧಕ್ಕರ್ಧ ತಪ್ಪು ಅಂತ ಬರೆದಿದ್ದೀರಿ. ನನಗೂ ಹೀಗೇ ಆಗುತ್ತಿತ್ತು. ಲೆಕ್ಕ ತಪ್ಪಾದರೆ ಎಲ್ಲಿ ಎಡವಿದೆವು ಅಂತ ಕಾಣಿಸುತ್ತದೆ. ಇಲ್ಲಿ ಹಾಗಲ್ಲ, ಉತ್ತರ ನೋಡಿದ ಮೇಲೂ ಪುಸ್ತಕದವರೇ ತಪ್ಪು ಮಾಡಿದ್ದಾರೆ ಅನಿಸುತ್ತಿರುತ್ತದೆ.

ನಾನು ಆಗ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದೆ. ಒಂದು ರಾತ್ರಿ ಊಟ ಮಾಡುತ್ತಾ ರೂಮ್‌ಮೇಟ್ ಒಂದು ಪ್ರಶ್ನೆ ಹಾಕಿದ. ಎಲ್ಲ ಎಮ್ಮೆಗಳೂ ಹುಲ್ಲು ತಿನ್ನುತ್ತವೆ. ಹುಲ್ಲು ತಿನ್ನುವ ಕೆಲವು ಪ್ರಾಣಿಗಳು ಕಪ್ಪಗಿವೆ. ತೀರ್ಮಾನ: ಕೆಲವು ಎಮ್ಮೆಗಳು ಕಪ್ಪಗಿವೆ. ಬರುತ್ತದೋ, ಇಲ್ಲವೋ?

ಬರುತ್ತದೆ ಅಂದೆ. ಎಮ್ಮೆ ಕಪ್ಪಗಿರದೆ ಇನ್ನೇನು ಬಣ್ಣ ಇರುತ್ತದೆ?

ಅವನು ತನ್ನ ಖಾಲಿ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಇದು ಹುಲ್ಲು ತಿನ್ನುವವು. ಸಾರಿನ ಬಟ್ಟಲನ್ನು ತಟ್ಟೆಯೊಳಗೆ ಇಟ್ಟ. ಇವು ಎಮ್ಮೆ. ಆಮೇಲೆ ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟ. ಇದು ಕಪ್ಪಗಿರುವವು, ಇಡು ಅಂದ. ನಾನು ಬಟ್ಟಲಿನ ಅಂಚಿಗೆ ಒರಗಿಸಿ ಇಟ್ಟೆ. ಅವನು ಅದನ್ನು ಬೆರಳಲ್ಲಿ ಸರಿಸಿ ತಟ್ಟೆಯ ಆ ಕಡೆಗೆ ಒಯ್ದ. ಬಟ್ಟಲಿಗೆ ತಾಗಲೇ ಇಲ್ಲ.

"ಇಲ್ಲಿ ಇಟ್ರ ಏನ್ ತಪ್ಪ್ ಆಗ್ತೈತಿ? ಹೇಳ್ಲೇ."

ಏನೂ ತಪ್ಪಾಗಿರಲಿಲ್ಲ. ಬಟ್ಟಲು ತಟ್ಟೆಯೊಳಗೇ ಇತ್ತು, ಮುಚ್ಚಳವೂ ತಟ್ಟೆಯಲ್ಲೇ ಇತ್ತು. ಎರಡು ಹೇಳಿಕೆಗಳಿಗೂ ಚ್ಯುತಿ ಬಂದಿರಲಿಲ್ಲ. ಕಪ್ಪಗಿರುವವೆಲ್ಲ ಮೇಕೆಗಳೇ ಆಗಿರಬಹುದಲ್ಲ? ಆದರೂ ಎಮ್ಮೆ ಕಪ್ಪು ಅಲ್ವಾ ಅಂತ ನಾನು ರಾಗ ಎಳೆದೆ. "ಅದನ್ನ ಹೇಳಿದ್ದು ನಿಮ್ಮೂರು, ಪ್ರಶ್ನೆಪತ್ರಿಕೆ ಅಲ್ಲ" ಅಂದ.

ನನಗೆ ಈ ವಿಷಯ ಅರ್ಥವಾಗಿದ್ದು ಆವತ್ತು. ತೀರ್ಮಾನ ನಿಜವಾ ಅಂತ ಪ್ರಶ್ನೆ ಕೇಳುತ್ತಿಲ್ಲ. ಹೇಳಿಕೆಗಳನ್ನು ಒಪ್ಪಿಕೊಂಡ ಮೇಲೆ ಈ ತೀರ್ಮಾನದಿಂದ ತಪ್ಪಿಸಿಕೊಳ್ಳಲು ದಾರಿ ಇದೆಯಾ ಅಂತ ಕೇಳುತ್ತಿದೆ. ಹಾಗಾಗಿ ತೀರ್ಮಾನದ ಪರ ವಾದ ಮಾಡಬೇಡಿ, ಅದನ್ನು ಬೀಳಿಸಲು ನೋಡಿ. ಮುಚ್ಚಳವನ್ನು ಬೇರೆ ಕಡೆ ಇಡಲು ಒಂದೇ ಒಂದು ಜಾಗ ಸಿಕ್ಕರೂ ತೀರ್ಮಾನ ಬರುವುದಿಲ್ಲ. ಎಲ್ಲಿ ಸರಿಸಿದರೂ ಬಟ್ಟಲಿಗೆ ತಾಗಿದರೆ ಮಾತ್ರ ಬರುತ್ತದೆ. ಇದರ ಉಲ್ಟಾನೂ ನೋಡಿ, ತೀರ್ಮಾನ ಸುಳ್ಳಾಗಿದ್ದರೂ ಹೇಳಿಕೆಗಳಿಂದ ಬರಬಹುದು. ಎಲ್ಲ ಎಮ್ಮೆಗಳೂ ಬಸ್ಸುಗಳು, ಎಲ್ಲ ಬಸ್ಸುಗಳೂ ಹಾರುತ್ತವೆ, ಆದ್ದರಿಂದ ಎಲ್ಲ ಎಮ್ಮೆಗಳೂ ಹಾರುತ್ತವೆ. ಹುಚ್ಚು ಮಾತು, ಆದರೆ ತೀರ್ಮಾನ ಸರಿಯಾಗೇ ಬರುತ್ತದೆ.

ಪುಸ್ತಕಗಳಲ್ಲಿ ಈ ತಟ್ಟೆ ಬಟ್ಟಲನ್ನೇ ವೃತ್ತ ಬರೆದು ತೋರಿಸಿ ವೆನ್ ಚಿತ್ರ ಅಂತ ಕರೆಯುತ್ತಾರೆ. ಜಾನ್ ವೆನ್ ತನ್ನ ಚಿತ್ರಗಳನ್ನು ಪ್ರಕಟಿಸಿದ್ದು 1880ರಲ್ಲಿ. ನಿಜ ಹೇಳಬೇಕೆಂದರೆ ನಾವು ಬರೆಯುವ ವೃತ್ತಗಳು ಜಾಸ್ತಿ ಹೋಲುವುದು ಆಯ್ಲರ್‌ನ ವೃತ್ತಗಳನ್ನು. ಗಣಿತಜ್ಞ ಆಯ್ಲರ್ ಅದಕ್ಕೂ ನೂರು ವರ್ಷ ಮೊದಲೇ ಒಬ್ಬ ಜರ್ಮನ್ ರಾಜಕುಮಾರಿಗೆ ಪತ್ರದಲ್ಲಿ ಇದನ್ನು ಬಿಡಿಸಿ ತೋರಿಸಿದ್ದ. ಪರೀಕ್ಷೆಗೆ ಇದು ಬೇಕಿಲ್ಲ, ಸುಮ್ನೆ ಹೇಳಿದೆ.

ಈಗ ಕನ್ನಡದಲ್ಲಿ ಬರೆಯುವವರು ಜಾಸ್ತಿ ಎಡವುವ ಜಾಗ. 'ಕೆಲವು' ಅನ್ನುವ ಪದ. ಮನೆಯಲ್ಲಿ ಅಮ್ಮ "ಕೆಲವು ಮಾವಿನಹಣ್ಣು ಕೊಳೆತಿವೆ" ಅಂದರೆ ಉಳಿದವು ಚೆನ್ನಾಗಿವೆ ಅಂತ ನಮ್ಮ ಕಿವಿಗೆ ತಾನಾಗಿಯೇ ಕೇಳಿಸುತ್ತದೆ. ಅಮ್ಮ ಅದನ್ನು ಹೇಳಿಯೇ ಇರುವುದಿಲ್ಲ. ಪರೀಕ್ಷೆಯಲ್ಲಿ 'ಕೆಲವು' ಅಂದರೆ ಕನಿಷ್ಠ ಒಂದು, ಅಷ್ಟೇ. ಎಲ್ಲವೂ ಆಗಿರಬಹುದು. ಹಾಗಾಗಿ 'ಕೆಲವು ಹಣ್ಣು ಕೊಳೆತಿವೆ' ಅಂತ ಕೊಟ್ಟರೆ 'ಕೆಲವು ಹಣ್ಣು ಕೊಳೆತಿಲ್ಲ' ಅನ್ನುವ ತೀರ್ಮಾನ ಬರುವುದಿಲ್ಲ. ಬ್ಯಾಂಕ್ ಪರೀಕ್ಷೆಗಳಲ್ಲಿ 'ಕೆಲವು ಮಾತ್ರ' ಅಂತ ಬಂದರೆ ಕಥೆ ಬೇರೆ. ಅಲ್ಲಿ ಕೆಲವು ಹೌದು, ಕೆಲವು ಅಲ್ಲ, ಎರಡನ್ನೂ ತೆಗೆದುಕೊಳ್ಳಬೇಕು.

ಇನ್ನೊಂದು, 'ಎಲ್ಲ' ಜೊತೆಗೆ 'ಇಲ್ಲ' ಸೇರಿದಾಗ. 'ಎಲ್ಲ ಹುಡುಗರೂ ಪಾಸಾಗಲಿಲ್ಲ' ಅಂದರೆ ಒಬ್ಬನೂ ಪಾಸಾಗಲಿಲ್ಲ ಅಂತಲೋ, ಪಾಸಾಗದವರೂ ಇದ್ದಾರೆ ಅಂತಲೋ? ನಮ್ಮ ಮಾತಿನಲ್ಲಿ ಎರಡೂ ನಡೆಯುತ್ತದೆ. ಒಳ್ಳೆಯ ಪುಸ್ತಕದವರು 'ಯಾವ ಹುಡುಗನೂ ಪಾಸಾಗಿಲ್ಲ' ಅಂತಲೋ 'ಕೆಲವು ಹುಡುಗರು ಪಾಸಾಗಿಲ್ಲ' ಅಂತಲೋ ಬಿಡಿಸಿ ಬರೆಯುತ್ತಾರೆ. ಪತ್ರಿಕೆಯಲ್ಲಿ ಗೊಂದಲ ಅನಿಸಿದರೆ, ಪಕ್ಕದಲ್ಲಿ ಇಂಗ್ಲಿಷ್ ಸಾಲು ಇದ್ದರೆ ಅದನ್ನೂ ಓದಿಕೊಳ್ಳಿ. ನಾಚಿಕೆ ಪಡುವಂಥದ್ದೇನೂ ಇಲ್ಲ.

ಮೂರನೆಯದು ಹೇಳಿಕೆಯನ್ನು ತಿರುಗಿಸಿ ಓದುವ ಚಾಳಿ. ಎಲ್ಲ ಎಮ್ಮೆಗಳೂ ಹುಲ್ಲು ತಿನ್ನುತ್ತವೆ ಅಂದರೆ ಹುಲ್ಲು ತಿನ್ನುವುದೆಲ್ಲ ಎಮ್ಮೆ ಅಂತ ಯಾರೂ ಹೇಳುವುದಿಲ್ಲ. ಆದರೆ ಪದ ಬದಲಾದರೆ ಸಾಕು, ಜಾರಿಬಿಡುತ್ತೇವೆ. ನಮ್ಮ ಹಳೆಯ ನ್ಯಾಯಶಾಸ್ತ್ರದವರು, ಅಂದರೆ ತರ್ಕ ಕಲಿಸುತ್ತಿದ್ದವರು, ಇದನ್ನು ಹಿಂದೆಯೇ ಚೆನ್ನಾಗಿ ಹಿಡಿದಿದ್ದರು. ಬೆಟ್ಟದ ಮೇಲೆ ಹೊಗೆ ಇದೆ, ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿದ ಹಾಗೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಇದು ಅವರ ಹಳೆಯ ಉದಾಹರಣೆ. ಹಾಗಾದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದಾ? ಇಲ್ಲ ಅನ್ನಲು ಅವರು ಕೊಡುತ್ತಿದ್ದದ್ದು ಕೆಂಪಗೆ ಕಾದ ಕಬ್ಬಿಣದ ಗುಂಡು. ಬೆಂಕಿ ಇದೆ, ಹೊಗೆ ಇಲ್ಲ. ಹಸಿ ಸೌದೆ ಸೇರಿದರೆ ಮಾತ್ರ ಹೊಗೆ. ಆ ಗುಂಡು ಮಾಡುತ್ತಿರುವುದೂ ಮುಚ್ಚಳ ಸರಿಸುವ ಕೆಲಸವನ್ನೇ ಅಲ್ವಾ?

ವೃತ್ತ ಬರೆಯಲು ಬರದ, ಪೇಪರ್ ಸುದ್ದಿಯಂತಿರುವ ಹೇಳಿಕೆಗಳೂ ಬರುತ್ತವೆ. ನಾನೇ ಒಂದು ಮಾಡಿಕೊಡುತ್ತೇನೆ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಹೇಳಿಕೆ: 'ಕರ್ನಾಟಕದ ಮಹಿಳೆಯರು ರಾಜ್ಯದೊಳಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು.' ಇದರಿಂದ ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಾಗಿದೆ ಅಂತ ತೀರ್ಮಾನ ಕೊಟ್ಟರೆ? ನೀವು ದಿನಾ ಬಸ್ಸಲ್ಲಿ ನಿಂತು ಹೋಗುವವರಾದರೆ ಕೈ ತಾನಾಗಿ 'ಸರಿ' ಅಂತ ಗುರುತು ಹಾಕುತ್ತದೆ. ಆದರೆ ಹೇಳಿಕೆಯಲ್ಲಿ ನೂಕುನುಗ್ಗಲಿನ ಮಾತೇ ಇಲ್ಲ. ಗಂಡಸರು ಟಿಕೆಟ್‌ಗೆ ದುಡ್ಡು ಕೊಡಬೇಕು ಅಂದರೆ? ಅದೂ ಬರುವುದಿಲ್ಲ! ಗಂಡಸರ ಬಗ್ಗೆ ಹೇಳಿಕೆ ಬಾಯಿಯೇ ಬಿಟ್ಟಿಲ್ಲ. ಹಾವೇರಿಯ ಒಬ್ಬ ಮಹಿಳೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಧಾರವಾಡಕ್ಕೆ ದುಡ್ಡು ಕೊಡದೆ ಹೋಗಬಹುದು ಅನ್ನುವುದು ಮಾತ್ರ ಬರುತ್ತದೆ. ಗಮನಿಸಿ, ಗಂಡಸರು ದುಡ್ಡು ಕೊಡುವುದು ಎಲ್ಲರಿಗೂ ಗೊತ್ತಿರುವ ನಿಜ. ಆದರೂ ಇಲ್ಲಿ ಅದು ತಪ್ಪು ಉತ್ತರ.

ಅಭ್ಯಾಸದ ವಿಚಾರ. ಮೊದಲ ಎರಡು ವಾರ ಗಡಿಯಾರ ಪಕ್ಕಕ್ಕಿಡಿ. ದಿನಕ್ಕೆ ಹತ್ತು ಪ್ರಶ್ನೆ ಸಾಕು, ಐವತ್ತು ಮಾಡಿ ಏನೂ ಉಪಯೋಗವಿಲ್ಲ. 'ಬರುವುದಿಲ್ಲ' ಅಂತ ಬರೆದ ಪ್ರತಿಯೊಂದಕ್ಕೂ ಯಾಕೆ ಬರುವುದಿಲ್ಲ ಅಂತ ಚಿತ್ರ ಬರೆಯಲೇಬೇಕು. ತಪ್ಪಾದವನ್ನು ಬೇರೆ ನೋಟ್‌ಬುಕ್ಕಿಗೆ ಇಳಿಸಿ, ಕೆಳಗೆ ಒಂದೇ ಸಾಲು: 'ಹೇಳಿಕೆಯಲ್ಲಿ ಇಲ್ಲದ್ದನ್ನು ನಾನು ಎಲ್ಲಿಂದ ತಂದೆ?' ನನ್ನ ನೋಟ್‌ಬುಕ್ಕಿನಲ್ಲಿ ಎರಡೇ ಕಾರಣಗಳು ಪುಟಗಟ್ಟಲೆ ತುಂಬಿದ್ದವು, 'ಕೆಲವು' ಮತ್ತು 'ಊರಲ್ಲಿ ನೋಡಿದ್ದೆ'. ನಿಮ್ಮ ಕಾರಣ ಬೇರೆ ಇರಬಹುದು, ಆದರೆ ಅದೂ ಒಂದೆರಡೇ ಇರುತ್ತದೆ.

ಆಮೇಲೆ ಗಡಿಯಾರ ಇಟ್ಟುಕೊಳ್ಳಿ. ಬ್ಯಾಂಕ್ ಕೆಲಸಕ್ಕೆ ನಡೆಯುವ ಐಬಿಪಿಎಸ್ ಪ್ರಿಲಿಮ್ಸ್‌ನಂಥ ಕಡೆ ರೀಸನಿಂಗ್‌ನ 35 ಪ್ರಶ್ನೆಗೆ 20 ನಿಮಿಷ, ತಪ್ಪು ಉತ್ತರಕ್ಕೆ ಕಾಲು ಪಾಲು ಅಂಕ ಹೋಗುತ್ತದೆ. ಅಲ್ಲಿ ಪ್ರತಿ ಪ್ರಶ್ನೆಗೂ ಚಂದದ ವೃತ್ತ ಬರೆಯುತ್ತಾ ಕೂರಲು ಆಗುವುದಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಮನಸ್ಸೇ ಮುಚ್ಚಳ ಸರಿಸಲು ಕಲಿತಿರುತ್ತದೆ. ಶಾರ್ಟ್‌ಕಟ್ ಟೇಬಲ್ ಬಾಯಿಪಾಠ ಮಾಡಿ ಅನ್ನುವವರು ಸಿಗುತ್ತಾರೆ. ನಾನು ಮಾಡಿದ್ದೆ, ಪರೀಕ್ಷೆ ಹಾಲ್‌ನಲ್ಲಿ ಅರ್ಧ ಮರೆತಿದ್ದೆ.

ಇವತ್ತು ರಾತ್ರಿಗೆ ಒಂದು ಪ್ರಶ್ನೆ. ಕೆಲವು ಶಿಕ್ಷಕರು ಕವಿಗಳು. ಯಾವ ಕವಿಯೂ ಶ್ರೀಮಂತನಲ್ಲ. ತೀರ್ಮಾನ ಒಂದು: ಕೆಲವು ಶಿಕ್ಷಕರು ಶ್ರೀಮಂತರಲ್ಲ. ತೀರ್ಮಾನ ಎರಡು: ಕೆಲವು ಶ್ರೀಮಂತರು ಶಿಕ್ಷಕರಲ್ಲ. ಮೊದಲನೆಯದು ಬರುತ್ತದೆ, ಎರಡನೆಯದು ಬರುವುದಿಲ್ಲ. ಯಾಕೆ ಅಂತ ನೋಡಬೇಕಾದರೆ ಶ್ರೀಮಂತರ ಮುಚ್ಚಳವನ್ನು ಇಡಿಯಾಗಿ ಶಿಕ್ಷಕರ ತಟ್ಟೆಯೊಳಗೇ ಇಡಿ, ಕವಿಗಳ ಬಟ್ಟಲಿಗೆ ತಾಗದ ಹಾಗೆ.