ತಾಯಿಯ ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ

ತಂದೆ ತೀರಿಕೊಂಡ ಮೇಲೆ ನಿದ್ದೆ ಬಾರದ ತಾಯಿಗೆ ವೈದ್ಯರು ಆಲ್ಪ್ರಜೋಲಾಮ್ 0.5 ಮಿಲಿಗ್ರಾಂ ಬರೆದುಕೊಟ್ಟರು, ಐದು ವರ್ಷಗಳಿಂದ ದಿನಾ ರಾತ್ರಿ ಒಂದು ನಡೆದುಕೊಂಡು ಬಂದಿದೆ ಎಂದಿದ್ದೀರಿ. ಊರಿಗೆ ಹೋದ ನೀವು ಮಾತ್ರೆಯನ್ನು ಬಚ್ಚಿಟ್ಟಿರಿ, ಎರಡನೇ ದಿನಕ್ಕೆ ಅವರಿಗೆ ಕೈ ನಡುಕ, ಬೆವರು, ಎದೆ ಹೊಡೆತ. ಅಣ್ಣ ಇದು ಚಟ, ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸೋಣ ಎನ್ನುತ್ತಿದ್ದಾರೆ. ಏನು ಮಾಡುವುದು ಎಂಬುದು ನಿಮ್ಮ ಪ್ರಶ್ನೆ.

ಉಳಿದ ಮಾತು ಆಮೇಲೆ. ಇವತ್ತೇ ಆ ವೈದ್ಯರಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಹಳೆಯ ಪ್ರಮಾಣವನ್ನೇ ಮತ್ತೆ ಕೊಡುವ ಬಗ್ಗೆ ಕೇಳಿ. ವರ್ಷಗಟ್ಟಲೆ ತೆಗೆದುಕೊಂಡ ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಿದಂತಾಗಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಮಾತು ತಡವರಿಸಿದರೆ, ಇಲ್ಲದವರು ಕಂಡಂತಾದರೆ, ಮೈ ಸೆಟೆದುಕೊಂಡರೆ ಫೋನಿನ ಮಾತು ಬೇಡ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾನು ವೈದ್ಯನಲ್ಲ, ತಾಲ್ಲೂಕು ಊರೊಂದರಲ್ಲಿ ಔಷಧ ಅಂಗಡಿ ನಡೆಸುವ ಫಾರ್ಮಸಿಸ್ಟ್. ನಿಮ್ಮ ತಾಯಿಯಂಥವರು ನನ್ನ ಅಂಗಡಿಗೂ ಬರುತ್ತಾರೆ. ಪರ್ಸಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ಹೊರಬರುತ್ತದೆ, ಮಡಿಕೆಯ ಗೆರೆಗಳಲ್ಲಿ ಕಾಗದ ಹರಿದು ತಾರೀಖು ಓದಲಾಗದಂತಾಗಿರುತ್ತದೆ. ಬರೆದ ವೈದ್ಯರು ಹದಿನೈದು ದಿನಕ್ಕೆ ಎಂದು ಬರೆದಿರುತ್ತಾರೆ. ಮುಂದೆ ಯಾರೂ 'ಇನ್ನೂ ಬೇಕೇ' ಎಂದು ಕೇಳಿರುವುದಿಲ್ಲ. ಆಲ್ಪ್ರಜೋಲಾಮ್ 2014ರಿಂದ ಎಚ್1 ಪಟ್ಟಿಯಲ್ಲಿದೆ, ಅಂದರೆ ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಗಳ ಸರ್ಕಾರಿ ಪಟ್ಟಿಯಲ್ಲಿ. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆದರೂ ಹಳೆಯ ಚೀಟಿಗೇ ಮಾತ್ರೆ ಸಿಗುತ್ತಿರುವುದು ನಮ್ಮ ವೃತ್ತಿಯ ದೊಡ್ಡ ಲೋಪ. ಅದರ ಹೊಣೆಯನ್ನು ನಿಮ್ಮ ತಾಯಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ದೇಹದಲ್ಲಿ ಆಗಿದ್ದೇನು ಎಂಬುದನ್ನು ಅಣ್ಣನಿಗೂ ಹೇಳಿ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ, ನರಗಳ ಗದ್ದಲವನ್ನು ತಗ್ಗಿಸುವುದು ಅದರ ಕೆಲಸ. ಆಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೋನಜೆಪಾಮ್ ಸೇರಿದ ಬೆಂಜೋಡಯಾಜೆಪೀನ್ ಗುಂಪಿನ ಔಷಧಗಳು ಆ ಗಾಬಾದ ಬಲ ಹೆಚ್ಚಿಸುತ್ತವೆ. ದಿನವೂ ಹೊರಗಿನಿಂದ ಬಲ ಬರತೊಡಗಿದಾಗ ಮಿದುಳು ತನ್ನ ಕಡೆಯ ಸ್ಪಂದನೆಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಮಾತ್ರೆ ಹಠಾತ್ತನೆ ನಿಂತರೆ ಬ್ರೇಕ್ ಇಲ್ಲದ ಬಂಡಿಯಂತೆ ನರಗಳು ಓಡುತ್ತವೆ. ನೀವು ಕಂಡ ನಡುಕ, ಬೆವರು ಅದೇ. ಆಲ್ಪ್ರಜೋಲಾಮ್ ರಕ್ತದಿಂದ ಬೇಗ ಇಳಿದುಹೋಗುವ ಔಷಧವಾದ್ದರಿಂದ ತೊಂದರೆಯೂ ಬೇಗ, ಜೋರಾಗಿ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ದೈಹಿಕ ಅವಲಂಬನೆ ಎನ್ನುತ್ತಾರೆ. ವ್ಯಸನ ಬೇರೆ: ಬರೆದದ್ದಕ್ಕಿಂತ ಹೆಚ್ಚು ನುಂಗುವುದು, ಇಬ್ಬರು ಮೂವರು ವೈದ್ಯರಲ್ಲಿ ಚೀಟಿ ಮಾಡಿಸುವುದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದಿರುವುದು, ದಿನವೆಲ್ಲ ಅದೇ ಧ್ಯಾನದಲ್ಲಿರುವುದು. ವೈದ್ಯರು ಹೇಳಿದಂತೆಯೇ ತೆಗೆದುಕೊಂಡವರಲ್ಲಿ ನಿಲ್ಲಿಸಿದಾಗಿನ ತೊಂದರೆಯೊಂದನ್ನೇ ನೋಡಿ ವ್ಯಸನ ಎಂದು ಮನೋವೈದ್ಯರು ತೀರ್ಮಾನಿಸುವುದಿಲ್ಲ. ನೀವು ಬರೆದಂತೆ ಐದು ವರ್ಷವೂ ತಾಯಿಯ ಪ್ರಮಾಣ ಒಂದು ಮಾತ್ರೆ ದಾಟಿಲ್ಲ. ಚಟ ಎಂಬ ಮಾತನ್ನು ದಯವಿಟ್ಟು ಅವರ ಮುಂದೆ ಆಡಬೇಡಿ. ಅವಮಾನವಾದರೆ ಅವರು ಮಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಡಲು ಶುರು ಮಾಡುತ್ತಾರೆ, ಆಗ ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದೇ ನಿಮಗೆ ಗೊತ್ತಾಗುವುದಿಲ್ಲ.

ಹಾಗೆಂದು ಮಾತ್ರೆ ಹೀಗೇ ಇರಲಿ ಎನ್ನುತ್ತಿಲ್ಲ. ವಯಸ್ಸಾದವರಲ್ಲಿ ಇದು ಮರೆವು ತರುತ್ತದೆ, ರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿಸುತ್ತದೆ, ಬಿದ್ದು ಸೊಂಟದ ಮೂಳೆ ಮುರಿಯಬಹುದು. ಬಿಡಿಸಬೇಕು, ಆದರೆ ಮೆಲ್ಲಗೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಇಳಿಸುತ್ತಾರೆ. ಎಷ್ಟೇ ಅವಸರವಿದ್ದರೂ ಎರಡು ವಾರದಲ್ಲಿ ಶೇಕಡಾ 25 ದಾಟುವಂತಿಲ್ಲ. ಅಷ್ಟು ಸಣ್ಣ ಹೆಜ್ಜೆಗೆ 0.25ರ ಮಾತ್ರೆಯೂ ದೊಡ್ಡದೇ. ಹಾಗಾಗಿ ಕೆಲವು ವೈದ್ಯರು ರಕ್ತದಿಂದ ನಿಧಾನವಾಗಿ ಇಳಿಯುವ ಡಯಾಜೆಪಾಮ್‌ಗೆ ಬದಲಿಸಿ ಅಲ್ಲಿಂದ ಇಳಿಸುತ್ತಾರೆ. ಒಂದು ಹಂತದಲ್ಲಿ ನಡುಕ ಬಂದರೆ ಅಲ್ಲೇ ಕೆಲವು ವಾರ ನಿಲ್ಲುತ್ತಾರೆ. ತಿಂಗಳುಗಳೇ ಹಿಡಿಯುತ್ತವೆ. ಲೆಕ್ಕ ವೈದ್ಯರದ್ದೇ ಆಗಿರಲಿ, ಮನೆಯಲ್ಲಿ ಬ್ಲೇಡಿನಿಂದ ಕತ್ತರಿಸಿ ಅಂದಾಜು ಮಾಡಬೇಡಿ. ಪೊಟ್ಟಣದ ಮೇಲೆ ಎಸ್‌ಆರ್ ಎಂದಿದ್ದರೆ ಅದು ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡುವ ಮಾತ್ರೆ, ಅದನ್ನು ಕತ್ತರಿಸಲೇಬಾರದು. ನಿದ್ದೆ ಬರಲೆಂದು ಬದಲಿಗೆ ಶೀತದ ಮಾತ್ರೆ ಕೊಡುವವರೂ ಇದ್ದಾರೆ, ವಯಸ್ಸಾದವರಿಗೆ ಅದೂ ಒಳ್ಳೆಯದಲ್ಲ.

ನಿದ್ದೆಗೇನು ಮಾಡುವುದು? ಚಿಕಿತ್ಸೆಯ ಅರ್ಧ ಭಾಗ ಇದೇ, ಜನ ಬಿಟ್ಟುಬಿಡುವುದೂ ಇದನ್ನೇ. ಅನೇಕ ಮನೆಗಳಲ್ಲಿ ಒಂಟಿ ತಾಯಂದಿರು ಮಧ್ಯಾಹ್ನ ಎರಡು ಗಂಟೆ ಮಲಗಿ, ಸಂಜೆ ಕಾಫಿ ಕುಡಿದು, ಮಾತಾಡಲು ಯಾರೂ ಇಲ್ಲವೆಂದು ಎಂಟಕ್ಕೇ ಹಾಸಿಗೆ ಸೇರುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ನಿದ್ದೆಯೇ ಇಲ್ಲವೆಂದು ಕೊರಗುತ್ತಾರೆ, ಆರು ಗಂಟೆ ನಿದ್ದೆ ಅಷ್ಟರಲ್ಲಿ ಆಗಿಹೋಗಿರುತ್ತದೆ. ಮಧ್ಯಾಹ್ನದ ನಿದ್ದೆ ಕಡಿತ, ತಡವಾಗಿ ಹಾಸಿಗೆಗೆ ಹೋಗುವುದು, ನಿದ್ದೆ ಬಾರದಿದ್ದರೆ ಎದ್ದು ಕೂರುವುದು, ಎಷ್ಟೇ ಹೊತ್ತಿಗೆ ಮಲಗಿದರೂ ಒಂದೇ ಹೊತ್ತಿಗೆ ಏಳುವುದು: ಇವನ್ನು ಕ್ರಮವಾಗಿ ಕಲಿಸುವ ಮನೋಚಿಕಿತ್ಸೆ ಇದೆ. ಪ್ರಮಾಣ ಇಳಿಸಿದಾಗ ಕೆಲವು ರಾತ್ರಿ ನಿದ್ದೆ ಇನ್ನೂ ಕೆಡುತ್ತದೆ ಎಂದು ತಾಯಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಅವರು ಹೆದರಿ ಮತ್ತೆ ಹಳೆಯ ಪ್ರಮಾಣಕ್ಕೆ ಮರಳುತ್ತಾರೆ. ಗಂಡನನ್ನು ಕಳೆದುಕೊಂಡ ದುಃಖ ಇನ್ನೂ ಒಳಗೇ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು.

ಇದನ್ನೇ ಓದಿ ಎಲ್ಲ ಮಾತ್ರೆಗೂ ಅನ್ವಯಿಸಬೇಡಿ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಅಫೀಮಿನ ಜಾತಿಯವು. ಅವುಗಳ ವ್ಯಸನಕ್ಕೆ ಬ್ಯುಪ್ರೆನಾರ್ಫಿನ್‌ನಂಥ ಬೇರೆಯೇ ಔಷಧವಿದೆ. ನಿದ್ದೆ ಮಾತ್ರೆಯ ಜೊತೆ ಇವನ್ನಾಗಲಿ ಮದ್ಯವನ್ನಾಗಲಿ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ತಾಯಿ ಮಂಡಿನೋವಿಗೆ ಏನು ನುಂಗುತ್ತಿದ್ದಾರೆ ಎಂದು ನೋಡಿ.

ಬೆಂಗಳೂರಿಗೆ ಕರೆತರುವುದಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ, ಧಾರವಾಡದ ಕಡೆಯವರಿಗೆ ಅಲ್ಲಿನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಇದಕ್ಕೆ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಸಾಕು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದೂ ವಿಚಾರಿಸಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಬಾಗಿಲು ಹಾಕಿ ಕೂಡಿಹಾಕಿ ಮಾತ್ರೆ ಬಿಡಿಸುತ್ತೇವೆ ಎನ್ನುವ ಖಾಸಗಿ ಕೇಂದ್ರಗಳಿಗೆ ಮಾತ್ರ ಅವರನ್ನು ಒಪ್ಪಿಸಬೇಡಿ.

ವೈದ್ಯರ ಬಳಿಗೆ ಹೋಗುವಾಗ ತಾಯಿಯೂ ಜೊತೆಗಿರಲಿ, ಪ್ರಶ್ನೆಗೆ ಅವರೇ ಉತ್ತರಿಸಲಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಬಿಪಿ, ಶುಗರ್‌ನವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಳ್ಳಿ. ಹಳೆಯ ಚೀಟಿಗಳಿರಲಿ. ಮಾತ್ರೆ ತಪ್ಪಿದ ಎರಡು ದಿನ ಯಾವ ಹೊತ್ತಿಗೆ ಏನಾಯಿತು, ಈ ವರ್ಷ ಎಲ್ಲಾದರೂ ಜಾರಿ ಬಿದ್ದಿದ್ದಾರೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಷ್ಟು ನಿಧಾನವಾಗಿ ಇಳಿಸಬೇಕೆಂದು ವೈದ್ಯರು ತೀರ್ಮಾನಿಸುವುದು ಹೆಚ್ಚಾಗಿ ಆ ಹಾಳೆಯನ್ನು ನೋಡಿಯೇ.