ರಾತ್ರಿ ಎರಡು ಗಂಟೆಗೆ ಬಂದ ಯೋಚನೆ

ಪ್ರಶ್ನೆ: ನನಗೆ ಐವತ್ತು ದಾಟಿದೆ. ಮೂರು ವರ್ಷಗಳ ಹಿಂದೆ ಪ್ರಾಣಿಗಳ ಆಶ್ರಯಧಾಮದಿಂದ ಒಂದು ಮುದಿ ನಾಯಿಯನ್ನು ಮನೆಗೆ ತಂದೆ. ಸಾಕಿದವರೇ ರಸ್ತೆ ಬದಿಯಲ್ಲಿ ಕಟ್ಟಿಹಾಕಿ ಹೋಗಿದ್ದರಂತೆ. ಕೆಂಚ ಎಂದು ಹೆಸರಿಟ್ಟೆ. ಕಳೆದ ವರ್ಷ ಅವನಿಗೆ ಕಿಡ್ನಿ ಕಾಯಿಲೆ ಇರುವುದು ಗೊತ್ತಾಯಿತು, ಈಗ ಮೂರನೆಯ ಹಂತ. ಔಷಧ, ಪಥ್ಯದ ಆಹಾರ, ದಿನ ಬಿಟ್ಟು ದಿನ ಚರ್ಮದಡಿಗೆ ಡ್ರಿಪ್, ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಅಕ್ಕನ ಮಗಳ ಮದುವೆಗೂ ಹೋಗಲಿಲ್ಲ. ಮೊದಲೇ ಗಮನಿಸಬೇಕಿತ್ತು ಎಂಬ ಕೊರಗು ಬೇರೆ. “ಸುಮ್ಮನೆ ಅದನ್ನು ಹಿಂಸಿಸುತ್ತಿದ್ದೀಯ, ಕಳಿಸಿಕೊಡು” ಎನ್ನುತ್ತಾರೆ ಯಜಮಾನರು. ಒಮ್ಮೆ ಬೀದಿಪಾಲಾದ ಜೀವಕ್ಕೆ ನಾನೂ ದ್ರೋಹ ಮಾಡಲೇ? ಆದರೆ ಮೊನ್ನೆ ರಾತ್ರಿ ಎರಡು ಗಂಟೆಗೆ ನೆಲದ ಮೇಲಿನ ಮೂತ್ರ ಒರೆಸುವಾಗ ‘ಇವನು ಹೋಗಿಬಿಟ್ಟರೆ ಸಾಕಪ್ಪಾ’ ಅನ್ನಿಸಿತು. ಬೆಳಗಿನವರೆಗೂ ಅತ್ತೆ. ಅಂದಿನಿಂದ ರಾತ್ರಿ ಹೊತ್ತು ನೀರಿನ ಬಟ್ಟಲನ್ನು ಎತ್ತಿಡುತ್ತಿದ್ದೇವೆ. ನಾನು ಮಾಡುತ್ತಿರುವುದು ಸರಿಯೇ?

ಉತ್ತರ: ಮೊದಲು ಆ ಬಟ್ಟಲನ್ನು ಅದರ ಜಾಗದಲ್ಲಿಡಿ. ಉಳಿದದ್ದನ್ನು ಆಮೇಲೆ ಮಾತನಾಡೋಣ.

ಕೆಂಚ ಹೆಚ್ಚು ನೀರು ಕುಡಿಯುವುದರಿಂದ ಹೆಚ್ಚು ಮೂತ್ರ ಮಾಡುತ್ತಿದ್ದಾನೆ ಎಂದು ಮೇಲುನೋಟಕ್ಕೆ ಕಾಣುತ್ತದೆ. ನಡೆಯುತ್ತಿರುವುದು ತಿರುಗುಮುರುಗು. ನೀರನ್ನು ಹಿಡಿದಿಟ್ಟು ಮೂತ್ರವನ್ನು ಗಟ್ಟಿ ಮಾಡುವ ಶಕ್ತಿಯನ್ನು ಅವನ ಕಿಡ್ನಿ ಕಳೆದುಕೊಂಡಿದೆ. ನೀರು ಸೋರಿಹೋಗುತ್ತಲೇ ಇರುತ್ತದೆ, ಅದನ್ನು ತುಂಬಿಕೊಳ್ಳಲು ಅವನು ಕುಡಿಯುತ್ತಾನೆ. ಬಟ್ಟಲು ಎತ್ತಿಟ್ಟರೂ ಸೋರುವುದು ನಿಲ್ಲುವುದಿಲ್ಲ. ಮೈಯಲ್ಲಿ ನೀರು ಬತ್ತಿ, ಅಳಿದುಳಿದ ಕಿಡ್ನಿಗೂ ಪೆಟ್ಟು ಬೀಳುತ್ತದೆ. ಬದಲಿಗೆ ಮಲಗುವ ಮುನ್ನ ಒಮ್ಮೆ ಹೊರಗೆ ಕರೆದುಕೊಂಡು ಹೋಗಿ. ಹಾಸಿಗೆಯ ಕೆಳಗೆ ನೀರು ಇಳಿಯದ ಹಾಳೆ ಹಾಸಿ. ಡ್ರಿಪ್ ಸಂಜೆ ಹಾಕುತ್ತಿದ್ದರೆ ಬೆಳಿಗ್ಗೆಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ. ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಇಂಥ ನಾಯಿಗಳಿಗೆ ಮೂತ್ರದ ಸೋಂಕು ತಗಲುವುದು ಹೆಚ್ಚು, ನೆಲ ಒದ್ದೆಯಾಗಲು ಅದೂ ಕಾರಣವಿರಬಹುದು.

ಮೊದಲೇ ಗಮನಿಸಬೇಕಿತ್ತು ಎಂಬ ಕೊರಗನ್ನು ಬಿಟ್ಟುಬಿಡಿ. ಕಿಡ್ನಿಯ ಕೆಲಸದಲ್ಲಿ ಸುಮಾರು ಮುಕ್ಕಾಲು ಪಾಲು ನಷ್ಟವಾಗುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ, ಮಾಮೂಲಿ ಮಿತಿಯನ್ನು ದಾಟುವುದು ಕಡಿಮೆ. ರಕ್ತಪರೀಕ್ಷೆಗೇ ತಪ್ಪಿಸಿಕೊಳ್ಳುವುದನ್ನು ನೀವು ಬರಿಗಣ್ಣಿನಿಂದ ಹೇಗೆ ಹಿಡಿಯುತ್ತಿದ್ದಿರಿ?

ಇನ್ನು ಆ ರಾತ್ರಿಯ ಯೋಚನೆ. ನಿದ್ದೆಗೆಟ್ಟ ಮೈ ಆಡಿದ ಮಾತು ಅದು. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮೇರಿ ಬೆತ್ ಸ್ಪಿಟ್ಜ್‌ನೇಗಲ್ ಮತ್ತು ಸಂಗಡಿಗರು, ಕಾಯಿಲೆಯ ನಾಯಿ ಬೆಕ್ಕುಗಳ ಆರೈಕೆ ಮಾಡುವವರನ್ನು ಆರೋಗ್ಯವಂತ ಪ್ರಾಣಿಗಳನ್ನು ಸಾಕಿದವರ ಜೊತೆ ಹೋಲಿಸಿ 2017ರಲ್ಲಿ ಅಧ್ಯಯನ ಪ್ರಕಟಿಸಿದರು. ಹೊರೆ, ಒತ್ತಡ, ಖಿನ್ನತೆ ಮತ್ತು ಆತಂಕದ ಲಕ್ಷಣಗಳೆಲ್ಲ ಮೊದಲನೆಯ ಗುಂಪಿನಲ್ಲೇ ಹೆಚ್ಚಾಗಿದ್ದವು. ಹಡೆದ ತಾಯಿಯ ಶುಶ್ರೂಷೆ ಮಾಡುತ್ತಾ ಸುಸ್ತಾದ ಮಕ್ಕಳಿಗೂ ಇದೇ ಯೋಚನೆ ಬರುತ್ತದೆ. ಬಾಯಿಬಿಟ್ಟು ಹೇಳುವವರು ಕಡಿಮೆ, ನೀವು ಹೇಳಿದ್ದೀರಿ. ಬೆಳಗಾದ ಮೇಲೆ ಎದ್ದು ಮತ್ತೆ ಅವನ ಔಷಧವನ್ನು ಕೈಗೆತ್ತಿಕೊಂಡವರೂ ನೀವೇ ಅಲ್ಲವೇ?

ಯಜಮಾನರ ಮಾತು ಒರಟಾಗಿದೆ, ನಿಜ. ಆದರೆ ಹಿಂಸೆ ಎಂದಾಗ ಅವರು ನೋಡುತ್ತಿರುವುದು ನಾಯಿಯ ಹಿಂಸೆಯನ್ನೋ, ನಿಮ್ಮದನ್ನೋ? ಎರಡನೆಯದೇ ಇರಬಹುದು ಎಂದು ನನ್ನ ಊಹೆ. ಅವರ ಜೊತೆ ವಾದ ಬೇಡ, ಕೆಲಸ ಕೊಡಿ. ಡ್ರಿಪ್ ಹಾಕುವುದು ಎರಡು ಜೋಡಿ ಕೈಗಳ ಕೆಲಸ. ಒಬ್ಬರು ಹೆಗಲ ನಡುವಿನ ಸಡಿಲ ಚರ್ಮವನ್ನು ಡೇರೆಯಂತೆ ಎತ್ತಿ ಸೂಜಿ ಚುಚ್ಚಬೇಕು, ಇನ್ನೊಬ್ಬರು ಅವನ ಗಲ್ಲ ಹಿಡಿದು ಮಾತನಾಡಿಸುತ್ತಿರಬೇಕು. ಚೀಲವನ್ನು ಮೊದಲೇ ಬೆಚ್ಚನೆಯ ನೀರಿನಲ್ಲಿಟ್ಟರೆ ಅವನು ಬೆಚ್ಚಿಬೀಳುವುದಿಲ್ಲ. ಡ್ರಿಪ್‌ನ ನೀರು ತುಂಬಿ ಬೆನ್ನ ಮೇಲೆ ಎದ್ದ ಗಡ್ಡೆ ಕೆಲವು ಗಂಟೆಗಳಲ್ಲಿ ಮುಂಗಾಲಿನ ಕಡೆ ಜಾರಿ ಕರಗಿಹೋಗುವುದನ್ನು ಕಂಡವರಿಗೆ ‘ಅದು’ ಬಹಳ ದಿನ ‘ಅದು’ವಾಗಿ ಉಳಿಯುವುದಿಲ್ಲ.

ಕೆಂಚ ಊಟದ ಬಟ್ಟಲ ಮುಂದೆ ನಿಂತು ತುಟಿ ನೆಕ್ಕಿಕೊಂಡು ಮುಖ ತಿರುಗಿಸಿದರೆ ಅದನ್ನು ಹಟ ಎಂದುಕೊಳ್ಳಬೇಡಿ, ವಾಕರಿಕೆ ಅದು. ಅದಕ್ಕೆ ಒಳ್ಳೆಯ ಔಷಧಗಳಿವೆ, ವೈದ್ಯರಿಂದ ಕೇಳಿ ಪಡೆಯಿರಿ. ಆ ಹೊತ್ತಿನಲ್ಲಿ ಬಾಯಿಗೆ ತುರುಕಿದರೆ ಪಥ್ಯದ ಆಹಾರದ ವಾಸನೆಗೇ ಅವನಿಗೆ ಜಿಗುಪ್ಸೆ ಹುಟ್ಟಿಬಿಡುತ್ತದೆ. ನೋವಿದೆ ಎಂದು ಮನುಷ್ಯರ ಮಾತ್ರೆಗಳನ್ನಂತೂ ಕೊಡಲೇಬೇಡಿ. ಐಬುಪ್ರೊಫೆನ್‌ನಂಥವು ಕಿಡ್ನಿಯನ್ನೇ ಕೆಡಿಸುತ್ತವೆ.

ದ್ರೋಹದ ಮಾತಿಗೆ ಬರುತ್ತೇನೆ. ಕೆಂಚನನ್ನು ರಸ್ತೆ ಬದಿಯಲ್ಲಿ ಕಟ್ಟಿದವರು ತಿರುಗಿ ನೋಡದೆ ಹೊರಟುಹೋದರು. ಹಗ್ಗದ ಉದ್ದದಷ್ಟೇ ಓಡಾಡುತ್ತ ಅವರು ಬರುತ್ತಾರೆಂದು ಅವನು ಕಾದಿರುತ್ತಾನೆ. ದ್ರೋಹವೆಂದರೆ ಅದು. ತಡೆಯಲಾಗದ ಯಾತನೆಯ ದಿನ ಬಂದು, ಅವನ ತಲೆಯನ್ನು ನಿಮ್ಮ ತೊಡೆಯ ಮೇಲಿಟ್ಟುಕೊಂಡು, ವೈದ್ಯರು ಮೊದಲು ಮಂಪರಿಗೆ, ಆಮೇಲೆ ಕೊನೆಯ ನಿದ್ದೆಗೆ ಔಷಧ ಕೊಡುವಾಗ ನೀವು ಅಲ್ಲೇ ಕುಳಿತಿದ್ದರೆ, ಅದಕ್ಕೂ ಅದೇ ಹೆಸರಿಡಬೇಡಿ. ನಾನೂ ಒಂದು ಮುದಿ ನಾಯಿಯನ್ನು ಕಳಿಸಿಕೊಟ್ಟವಳು. ಕೊನೆಯ ಐದು ದಿನ ಅವಳು ನೀರನ್ನೂ ಮುಟ್ಟಲಿಲ್ಲ. ಆ ಐದು ದಿನಗಳು ಬೇಕಾಗಿದ್ದದ್ದು ನನಗೆ, ಅವಳಿಗಲ್ಲ. ಇಷ್ಟು ವರ್ಷಗಳಾದರೂ ಅವನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಆ ದಿನ ಇನ್ನೂ ಬಂದಿಲ್ಲ ಎಂದೇ ನಿಮ್ಮ ಪತ್ರ ಓದಿದರೆ ತೋರುತ್ತದೆ. ಬಂದಾಗ ಗುರುತಿಸಲು ಒಂದು ಅಳತೆಗೋಲಿದೆ. ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ರೂಪಿಸಿದ್ದು. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಲೆಕ್ಕ, ಹೀಗೆ ಏಳು ಅಂಶಗಳು. ನೋವಿನಿಂದ ಬಿಡುಗಡೆ ಇದ್ದಷ್ಟೂ ಅಂಕ ಹೆಚ್ಚು. ಉಳಿದವೂ ಹಾಗೆಯೇ, ಒಂದೊಂದಕ್ಕೂ ಹತ್ತರವರೆಗೆ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಇದರ ಜೊತೆಗೆ ಕೆಂಚನದೇ ಒಂದು ಪಟ್ಟಿ ಇರಲಿ: ಅವನನ್ನು ಅವನನ್ನಾಗಿ ಮಾಡುವ ಮೂರು ಸಂಗತಿಗಳು. ಬಾಗಿಲ ಸದ್ದಿಗೆ ಬಾಲ ಅಲ್ಲಾಡಿಸುವುದೋ, ಬಿಸಿಲು ಸರಿದಂತೆ ತಾನೂ ಸರಿದು ಮಲಗುವುದೋ, ನಿಮಗೇ ಗೊತ್ತು. ಅವನು ಹುಷಾರಾಗಿರುವ ಇಂದೇ ಗಂಡ ಹೆಂಡತಿ ಇಬ್ಬರೂ ಕುಳಿತು ಬರೆಯಿರಿ. ಮೂರರಲ್ಲಿ ಎರಡು ನಿಂತು, ಔಷಧದಿಂದಲೂ ಮರಳದಿದ್ದರೆ ವೈದ್ಯರೊಂದಿಗೆ ಆ ಮಾತು ಎತ್ತಿ. ಆಗ ರಾತ್ರಿ ಎರಡು ಗಂಟೆಗೆ ಒಬ್ಬರೇ ನಿರ್ಧರಿಸುವ ಸಂಕಟ ಇರುವುದಿಲ್ಲ.

ಮದುವೆಯಂತೂ ಮುಗಿದುಹೋಯಿತು. ಯಜಮಾನರು ಡ್ರಿಪ್ ಹಾಕುವುದನ್ನು ಕಲಿತ ಮೇಲೆ ಎರಡು ರಾತ್ರಿ ಅಕ್ಕನ ಮನೆಗೆ ಹೋಗಿ, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಬನ್ನಿ. ಹೊರಡುವಾಗ ಕೆಂಚನ ನೀರಿನ ಬಟ್ಟಲು ಎಲ್ಲಿರಬೇಕೆಂದು ಅವರಿಗೆ ತೋರಿಸಿ ಹೊರಡಿ.