ಟೆಸ್ಟ್ ನಾರ್ಮಲ್, ಮನೆಯಲ್ಲಿ ಕಷ್ಟ: ನಿಮ್ಮ ಪ್ರಶ್ನೆಗೆ

ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ 15ರ ಮಗ ಆಸ್ಪತ್ರೆಯಲ್ಲಿ ನೆನಪು, ಗಮನ ನೋಡುವ ಟೆಸ್ಟ್‌ನಲ್ಲಿ ಚೆನ್ನಾಗಿ ಮಾಡಿದರೂ ಸ್ಕೂಲ್ ಬ್ಯಾಗ್ ಜೋಡಿಸಿಕೊಳ್ಳಲು ತಿಣುಕುತ್ತಾನೆ, ಯಾಕೆ ಅಂತ ಕೇಳಿದ್ದೀರಿ. ದಯವಿಟ್ಟು ಸೋಮಾರಿ ಅಂತ ಬೈಯಬೇಡಿ. ಟೆಸ್ಟ್ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ, ಒಂದು ಸಲಕ್ಕೆ ಒಂದೇ ಕೆಲಸ, ಮುಂದೇನು ಅಂತ ಹೇಳಲು ಎದುರಿಗೇ ಒಬ್ಬರು ಕೂತಿರುತ್ತಾರೆ. ಬೆಳಿಗ್ಗೆ ಏಳೂವರೆಗೆ ಮನೆಯಲ್ಲಿ ಹಾಗಿರುತ್ತಾ?

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬ್ರೀಫ್ (BRIEF) ಎಂಬ ಪ್ರಶ್ನಾವಳಿ ಬಗ್ಗೆ ಕೇಳಿ; ಕೆಲಸವನ್ನು ಯೋಚಿಸಿ, ಜೋಡಿಸಿ, ನೆನಪಿಟ್ಟು ಮುಗಿಸುವುದು ದಿನನಿತ್ಯ ಹೇಗಿದೆ ಅಂತ ಅದು ನೋಡುತ್ತದೆ. 2000ರಲ್ಲಿ ಬಂತು, 5ರಿಂದ 18 ವರ್ಷದವರಿಗೆ. ದಿನಾ ಕಂಡದ್ದನ್ನು ಅಪ್ಪ ಅಮ್ಮ, ಟೀಚರ್ ಬೇರೆ ಬೇರೆಯಾಗಿ ತುಂಬುತ್ತಾರೆ. ಟೀಚರ್ ಹಾಳೆ ಬಿಡಲೇಬೇಡಿ, ಯಾಕಂದ್ರೆ ಮನೆಯಲ್ಲಿ ನಮಗೇ ಗೊತ್ತಿಲ್ಲದೆ ಜಾಸ್ತಿ ನೆನಪಿಸುತ್ತಿರುತ್ತೇವೆ.

ಜೊತೆಗೆ ಒಂದು ವಾರ ನೀವೇ ಬರೆದಿಡಿ: ಹಾಲು, ಕೊತ್ತಂಬರಿ, ಒಂದು ಜೆರಾಕ್ಸ್ ಅಂತ ಮೂರು ಕೆಲಸ ಹೇಳಿ ಕಳಿಸಿದರೆ ಎಷ್ಟು ಮುಗಿಸಿದ, ಚಿಲ್ಲರೆ ಎಣಿಸಿ ತಂದನಾ, ಅಂಗಡಿ ಮುಚ್ಚಿದ್ದರೆ ಏನು ಮಾಡಿದ. ಆ ಹಾಳೆಯನ್ನೂ ಡಾಕ್ಟರಿಗೆ ತೋರಿಸಿ.